ಮೂವರಿಗೆ ತೋಡಿದ ಗುಂಡಿ

ಒಂದು ಜನನಪತ್ರದ ನಕಲಿಗೆ ಒಂಬತ್ತು ಪೌಂಡು ಇಪ್ಪತ್ತೈದು ಪೆನ್ಸು. ಮದುವೆಪತ್ರಕ್ಕೂ ಅಷ್ಟೇ, ಮರಣಪತ್ರಕ್ಕೂ ಅಷ್ಟೇ. ಹುಟ್ಟಿದರೂ ಸತ್ತರೂ ಸರ್ಕಾರಕ್ಕೆ ಒಂದೇ ದರ. ಹಳೆಯ ಜನಗಣತಿಯ ಹಾಳೆಗಳನ್ನು ಕಂಪ್ಯೂಟರಿನಲ್ಲಿ ನೋಡಲು ವರ್ಷದ ಚಂದಾ ನೂರೈವತ್ತರ ಮೇಲೆ. ಹಳೆಯ ದಾಖಲೆಗಳ ಕಚೇರಿಗೆ ಹೋಗಿಬರುವ ಬಸ್ಸಿಗೆ ಆರು ಪೌಂಡು. ಗೋಡೆಗೆ ಅಂಟಿಸುವ ಕಾಗದದ ಸುರುಳಿ ನಾಲ್ಕು ಪೌಂಡು. ಅದನ್ನು ಗೋಡೆಗೆ ಅಂಟಿಸದೆ, ಊಟದ ಮೇಜಿನ ಮೇಲೆ ಹಾಸಿ, ಕ್ಲೈವ್ ಟೆಬಟ್ ತನ್ನ ವಂಶವೃಕ್ಷ ಬರೆದ.

ಹೆಂಡತಿ ಹಿಲರಿ ಇದನ್ನೆಲ್ಲ ಮನಸ್ಸಿನಲ್ಲೇ ಕೂಡಿಕೊಳ್ಳುತ್ತಿದ್ದಳು, ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಅವಳದು ಶಾಲೆಯ ಅಡುಗೆಮನೆಯ ಕೆಲಸ. ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿದರೂ ಗಂಟೆಗೆ ಏಳು ಪೌಂಡು ತುಂಬುತ್ತಿರಲಿಲ್ಲ. ಆದರೂ, ಬೇರೆಯವರ ಗಂಡಂದಿರು ಬಿಯರಿಗೆ ಸುರಿಯುತ್ತಾರೆ, ನನ್ನವನು ಸತ್ತವರಿಗೆ ಸುರಿಯುತ್ತಾನೆ, ಸತ್ತವರಾದರೂ ಮನೆಗೆ ಬಂದು ಗಲಾಟೆ ಮಾಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಕ್ಲೈವ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಡಿಪೋ ಮುಚ್ಚಿದಾಗ ಅವನಿಗೆ ನಲವತ್ತೊಂಬತ್ತು. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಶಾಲೆಯ ವ್ಯಾನು ಓಡಿಸಿ, ಉಳಿದ ಹೊತ್ತು ಏನು ಮಾಡುವುದೆಂದು ತಿಳಿಯದೆ ಆರು ತಿಂಗಳು ಸೋಫಾದ ಮೇಲೆ ಕೂತಿದ್ದ. ಹಿಂದಿನವರನ್ನು ಹುಡುಕತೊಡಗಿದ ಮೇಲೆ ಮುಖಕ್ಕೆ ಬಣ್ಣ ಬಂತು. ಸಿಕ್ಕವರಲ್ಲಿ ದೊಡ್ಡ ಮನುಷ್ಯರು ಯಾರೂ ಇರಲಿಲ್ಲ, ಗಲ್ಲಿಗೇರಿದ ಕಳ್ಳನೂ ಇರಲಿಲ್ಲ. ಇನ್ನೂರು ವರ್ಷ ಹಿಂದಕ್ಕೆ ಹೋದರೂ ಆ ನಾರ್ಥಾಂಪ್ಟನ್ ಸೀಮೆಯಲ್ಲಿ ಬೂಟಿನ ತೊಗಲು ಕತ್ತರಿಸಿದವರು, ಬೂಟು ಹೊಲಿದವರು, ಬೂಟು ಹೊಲಿಯುವವರನ್ನು ಮದುವೆಯಾದವರು.

"ಇಷ್ಟು ಹುಡುಕಿದ್ರೂ ಒಬ್ಬ ರಾಜನೂ ಸಿಗಲಿಲ್ವಾ ಅಪ್ಪ?" ಎಂದು ಮಗಳು ಕೆಲ್ಲಿ ಭಾನುವಾರದ ಊಟಕ್ಕೆ ಬಂದಾಗಲೆಲ್ಲ ಕೇಳುತ್ತಿದ್ದಳು. ಅವಳು ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ನಾಲಿಗೆಯೂ ಕತ್ತರಿಯಂತೆಯೇ.

"ರಾಜನಿಗೆ ಬೂಟು ಹೊಲಿದೋನು ಇರಬಹುದು."

"ಇರಬಹುದು ಅಂದ್ರೆ ಇಲ್ಲ ಅಂತ. ಮಾಂಸದ ಗ್ರೇವಿ ಈ ಕಡೆ ಕಳಿಸು."

ಅಕ್ಟೋಬರಿನಲ್ಲಿ ಕ್ಲೈವ್‌ನ ತಾಯಿ ಡೊರೀನ್ ಅವರ ಮನೆಗೆ ಬಂದಳು. ಎಪ್ಪತ್ತೆಂಟು ವಯಸ್ಸು. ಹೃದಯ ಸೋತು ಕಾಲುಗಳಲ್ಲಿ ನೀರು ತುಂಬಿತ್ತು. ಆಸ್ಪತ್ರೆಯವರು ಒಬ್ಬಳನ್ನೇ ಮನೆಗೆ ಬಿಡಲು ಒಪ್ಪಲಿಲ್ಲ. ಮುಂದಿನ ಕೋಣೆಯಿಂದ ಸೋಫಾ ಎತ್ತಿ ಮಂಚ ಹಾಕಿದರು. ಡೊರೀನ್ ಬಂದ ದಿನವೇ ಕಿಟಕಿಯ ಪರದೆ ಸೊಟ್ಟ ಇದೆಯೆಂದು ಹೇಳಿ, ಮಗನನ್ನು ಕುರ್ಚಿ ಹತ್ತಿಸಿ ಸರಿ ಮಾಡಿಸಿದಳು.

ಒಂದು ವಾರ ಕಳೆದ ಮೇಲೆ ಹಿಲರಿ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಅತ್ತೆಯ ಕಾಲಿನ ಉಗುರು ಕತ್ತರಿಸುತ್ತಿದ್ದಳು.

"ನಿನ್ನ ಹತ್ರ ಒಂದು ಮಾತು ಹಿಲರಿ. ಕ್ಲೈವ್‌ಗೆ ಹೇಳಿದ್ರೆ ಕೆಮ್ಮೋಕೆ ಶುರು ಮಾಡ್ತಾನೆ."

"ಹೇಳಿ ಅಮ್ಮ."

"ನನ್ನ ಸುಡಬೇಡಿ. ನಿನ್ನ ಮಾವನ್ನ, ರಾನ್‌ನ ಸುಟ್ಟಾಗ ನೋಡಿದೀನಲ್ಲ. ಪರದೆ ಎಳೆದ್ರು, ಹಾಡು ಹಾಕಿದ್ರು, ನಾವು ಮೂಗು ಒರೆಸ್ಕೊಳ್ಳೋಷ್ಟರಲ್ಲಿ ಮುಂದಿನ ಹೆಣದೋರು ಬಾಗಿಲಲ್ಲಿ ನಿಂತಿದ್ರು. ಬನ್ನಿನ ತಟ್ಟೆ ಥರ ಒಳಗೆ ತಳ್ಳಿದ್ರು ಪಾಪ. ರಾನ್‌ಗೆ ಅದೇ ಬೇಕಿತ್ತು, ಸರಿ. ನಂಗೆ ಬೇಡ. ನನ್ನ ಲಿನೆಟ್ ಜೊತೆ ಇಡಿ."

ಲಿನೆಟ್ ಡೊರೀನಳ ಮೊದಲ ಮಗು. ಕ್ಲೈವ್ ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಐವತ್ತೆಂಟರ ಮಾರ್ಚಿನಲ್ಲಿ ಹುಟ್ಟಿ ಹನ್ನೊಂದು ದಿನ ಬದುಕಿತ್ತು. ಬೇರೆ ಜಾಗ ಕೊಳ್ಳಲು ಆಗದೆ, ಆಗಿನವರು ಮಾಡುತ್ತಿದ್ದಂತೆ, ಅದರ ಅಜ್ಜ ವಾಲ್ಟರ್‌ನ ಗುಂಡಿಯಲ್ಲೇ ಅವನ ಮೇಲೆ ಇಟ್ಟಿದ್ದರು. ಕಲ್ಲಿನ ಮೇಲೆ ವಾಲ್ಟರ್‌ನ ಹೆಸರು ಮಾತ್ರ ಇತ್ತು.

"ಅವಳ ಮೇಲೆ ಒಬ್ಬರಿಗೆ ಜಾಗ ಇದೆ. ಗುಂಡಿ ತೋಡೋನು ಅವತ್ತೇ ಹೇಳಿದ್ದ. ಹನ್ನೊಂದು ದಿನದಲ್ಲಿ ಆರು ದಿನ ನರ್ಸುಗಳು ಮಗೂನ ನನ್ನ ಕೈಗೆ ಕೊಡಲೇ ಇಲ್ಲ. ಆ ಜಾಗ ನಂದು."

"ನಾನು ನೋಡ್ಕೋತೀನಿ ಅಮ್ಮ."

"ಮಾತು ಕೊಡು."

"ಕೊಟ್ಟೆ. ಈಗ ಇನ್ನೊಂದು ಕಾಲು ಕೊಡಿ."

ಹಿಲರಿ ಮಾತು ಕೊಟ್ಟರೆ ಸುಮ್ಮನೆ ಕೂರುವವಳಲ್ಲ. ಮರುವಾರವೇ ರಜೆ ಹಾಕಿ, ಗಂಡನನ್ನು ಎಳೆದುಕೊಂಡು ಪುರಸಭೆಯ ಸ್ಮಶಾನ ವಿಭಾಗಕ್ಕೆ ಹೋದಳು. ಅಲ್ಲಿದ್ದ ಹುಡುಗಿ ದಪ್ಪ ರಿಜಿಸ್ಟರು ತೆರೆದು ಬೆರಳಿಟ್ಟು ಹುಡುಕಿದಳು.

"ಇದು ಮೂವರಿಗೆ ತೋಡಿದ ಗುಂಡಿ. ಇಬ್ಬರು ಇದ್ದಾರೆ. ಒಬ್ಬರಿಗೆ ಜಾಗ ಇದೆ."

"ಮಗು?" ಎಂದಳು ಹಿಲರಿ.

"ಮಗೂನ ಲೆಕ್ಕಕ್ಕೆ ಹಿಡಿಯಲ್ಲ ಮೇಡಂ." ಹುಡುಗಿ ಒಂದು ಫಾರಂ ಮುಂದೆ ತಳ್ಳಿದಳು. "ಹಕ್ಕುಪತ್ರ ವಾಲ್ಟರ್ ಟೆಬಟ್ ಹೆಸರಲ್ಲಿದೆ. ಅವರ ಮಕ್ಕಳು ಮೊಮ್ಮಕ್ಕಳು ಯಾರ್ಯಾರು ಅಂತ ತುಂಬಿ, ನಿಮಗೆ ತಿಳಿದ ಮಟ್ಟಿಗೆ ಇಷ್ಟೇ ಅಂತ ವಕೀಲರ ಮುಂದೆ ಸಹಿ ಹಾಕಿ ತನ್ನಿ. ಹಕ್ಕು ನಿಮ್ಮ ಹೆಸರಿಗೆ ಆಗುತ್ತೆ. ನೀವೊಬ್ರೇ ತಾನೆ?"

"ನಾನೊಬ್ನೇ. ಅಜ್ಜನಿಗೆ ನಮ್ಮಪ್ಪ ಒಬ್ನೇ ಮಗ, ನಮ್ಮಪ್ಪನಿಗೆ ನಾನೊಬ್ನೇ."

ಕ್ಲೈವ್ ಪೆನ್ನು ತೆಗೆದು ಅಪ್ಪನ ಹೆಸರು ಬರೆದ. ತನ್ನ ಹೆಸರು ಬರೆಯಬೇಕು, ಅಷ್ಟರಲ್ಲಿ ತಲೆ ಎತ್ತಿದ.

"ಇಬ್ಬರು ಅಂದ್ರಲ್ಲ. ಒಬ್ರು ವಾಲ್ಟರ್. ಇನ್ನೊಬ್ರು ಯಾರು? ಅಡಾ ಅಜ್ಜಿ ಅಲ್ಲಿಲ್ಲ, ಅವರನ್ನ ಸ್ಕೆಗ್ನೆಸ್‌ನಲ್ಲಿ ಸುಟ್ಟಿದ್ದು."

ಹುಡುಗಿ ಓದಿದಳು. "ರೋಸ್ ಟೆಬಟ್. ವಯಸ್ಸು ಇಪ್ಪತ್ನಾಲ್ಕು. ಸಾವಿರದ ಒಂಬೈನೂರ ಇಪ್ಪತ್ತು, ಫೆಬ್ರವರಿ."

ಕ್ಲೈವ್ ಪೆನ್ನಿನ ಮುಚ್ಚಳ ಹಾಕಿದ. ಅವನ ಕಣ್ಣಿನಲ್ಲಿ ಆ ಬೆಳಕು ಬಂದದ್ದನ್ನು ಹಿಲರಿ ನೋಡಿದಳು. ಒಂದು ಹೊಸ ಹೆಸರು ಸಿಕ್ಕಾಗಲೆಲ್ಲ ಬರುತ್ತಿದ್ದ ಬೆಳಕು.

"ಬರೆದು ಮುಗಿಸು," ಎಂದು ಅವಳು ಅವನ ಮೊಣಕೈ ತಿವಿದಳು.

"ಪೂರ್ತಿ ತಿಳ್ಕೊಂಡು ಬರೆಯೋಣ. ಮನೆಗೆ ತಗೊಂಡು ಹೋಗ್ಬಹುದಲ್ವಾ ಇದನ್ನ?"

"ಧಾರಾಳವಾಗಿ," ಎಂದಳು ಹುಡುಗಿ.

ಕಾರಿನಲ್ಲಿ ಹಿಲರಿ ಬಾಯಿಬಿಟ್ಟಳು. "ನಿಂಗೆ ತಿಳಿದ ಮಟ್ಟಿಗೆ ಅಂತ ತಾನೆ ಅದರಲ್ಲಿ ಇರೋದು? ನಿಂಗೆ ತಿಳಿದಿದ್ದು ಅಷ್ಟೇ. ಅಲ್ಲೇ ಬರೆದಿದ್ರೆ ಅದು ಸುಳ್ಳೂ ಆಗ್ತಿರಲಿಲ್ಲ."

"ಈಗ ಆಗುತ್ತೆ. ಈಗ ನಂಗೆ ರೋಸ್ ಗೊತ್ತು."

ಆ ಭಾನುವಾರ ಹಂದಿಮಾಂಸದ ರೋಸ್ಟು. ಕ್ಲೈವ್ ತಟ್ಟೆ ಪಕ್ಕದಲ್ಲೇ ಕಾಗದ ಇಟ್ಟುಕೊಂಡು ಕೂತಿದ್ದ.

"ಅಮ್ಮ, ರೋಸ್ ಅಂದ್ರೆ ಯಾರು ಗೊತ್ತಾ ನಿಂಗೆ?"

ಡೊರೀನ್ ಬಟಾಣಿಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿಕೊಳ್ಳುತ್ತಿದ್ದಳು. "ಹೆಸರು ಗೊತ್ತಿಲ್ಲ. ನಿಮ್ಮ ಅಡಾ ಅಜ್ಜಿ ಒಂದ್ಸಲ ಅಂದಿದ್ಳು. ಗಂಡನ ಜೊತೆ ಮಲಗಿಸ್ತೀವಿ ಅಂದ್ರೆ, 'ಅಲ್ಲಿ ನನಗಿಂತ ಮೊದಲು ಒಬ್ಬಳು ಮಲಗಿದಾಳೆ, ನಾನು ಹೋಗಲ್ಲ' ಅಂದ್ಳು. ಮೊದಲನೇ ಹೆಂಡ್ತಿ ಇರಬೇಕು ಅಂದ್ಕೊಂಡೆ. ಯಾರೂ ಕೇಳಲಿಲ್ಲ. ಆಗ ಕೇಳ್ತಿರಲಿಲ್ಲ."

"ಯಾಕೆ ನಂಗೆ ಹೇಳಲಿಲ್ಲ?"

"ನೀನು ಕಂಪ್ಯೂಟರನ್ನ ಕೇಳ್ತಿದ್ದೆ ಬಾತುಮರಿ, ನನ್ನ ಕೇಳಲಿಲ್ಲ." ಮುದ್ದಿಗೆ ಆ ಸೀಮೆಯವರು ಯಾರನ್ನಾದರೂ ಹಾಗೇ ಕರೆಯುತ್ತಿದ್ದರು.

ಕೆಲ್ಲಿ ನಕ್ಕಳು. "ಫಾರಂ ತುಂಬು ಅಪ್ಪ. ಸತ್ತೋರು ಎಲ್ಲೂ ಓಡಿಹೋಗಲ್ಲ. ಅಜ್ಜಿ ಕೆಲಸ ಮೊದಲು ಮಾಡು."

"ನಂಗೇನು ಅವಸರ?" ಎಂದಳು ಡೊರೀನ್. "ನಾನೂ ಎಲ್ಲೂ ಓಡಿಹೋಗಲ್ಲ. ಕಾಲು ನೋಡು."

ಎರಡು ವಾರದಲ್ಲಿ ಮೂರು ಲಕೋಟೆ ಬಂದವು. ವಾಲ್ಟರ್ ಟೆಬಟ್ ರೋಸ್ ರೌಲಟ್ ಎಂಬವಳನ್ನು ಸಾವಿರದ ಒಂಬೈನೂರ ಹದಿನೇಳರಲ್ಲಿ ಮದುವೆಯಾಗಿದ್ದ. ಹತ್ತೊಂಬತ್ತರಲ್ಲಿ ಐವಿ ಎಂಬ ಹೆಣ್ಣುಮಗು. ಇಪ್ಪತ್ತರಲ್ಲಿ ಫ್ಲೂ ಜ್ವರಕ್ಕೆ ರೋಸ್ ತೀರಿಕೊಂಡಳು. ಮಗುವಿನ ಸಾವಿನ ದಾಖಲೆ ಎಲ್ಲೂ ಇರಲಿಲ್ಲ. ಕ್ಲೈವ್ ಊಟ ಬಿಟ್ಟು ಹುಡುಕಿದ. ಐವಿ ಟೆಬಟ್ ನಲವತ್ತೊಂದರಲ್ಲಿ ಕೊವೆಂಟ್ರಿಯಲ್ಲಿ ಮದುವೆಯಾದದ್ದು ಸಿಕ್ಕಿತು, ಅವಳ ಮಗಳು ಬ್ರೆಂಡಾ ಪ್ರಾಟ್ಲಿಯ ವಿಳಾಸ ಸಿಕ್ಕಿತು. ಒಂದು ಕಾಗದ ಬರೆದ. ಹಿಲರಿ ಅದನ್ನು ಎರಡು ದಿನ ಕೈಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು. ಮೂರನೇ ದಿನ ಅಂಚೆಪೆಟ್ಟಿಗೆಗೆ ಹಾಕಿದಳು. ಬೇರೆಯವರ ಕಾಗದ ಒತ್ತಿಟ್ಟುಕೊಳ್ಳುವುದು ಅವಳಿಂದ ಆಗದ ಕೆಲಸ.

ಬ್ರೆಂಡಾ ಫೋನಿನಲ್ಲೇ ಅತ್ತುಬಿಟ್ಟಳು. "ನಮ್ಮಮ್ಮ ಇನ್ನೂ ಇದ್ದಾರೆ. ತೊಂಬತ್ತೆರಡು. ತನ್ನ ತಾಯಿನ ಎಲ್ಲಿ ಇಟ್ಟಿದ್ರು ಅಂತ ಜೀವಮಾನ ಪೂರ್ತಿ ಗೊತ್ತಿಲ್ಲ ಅವರಿಗೆ."

ಕ್ರಿಸ್ಮಸ್ಸಿಗೆ ಮೊದಲು ಬ್ರೆಂಡಾ ಒಂದು ಡಬ್ಬಿ ಬಿಸ್ಕತ್ತು ಹಿಡಿದುಕೊಂಡು ಬಂದಳು. ಟೆಬಟ್ ಮನೆತನದ ಗಲ್ಲವೇ. ಕ್ಲೈವ್‌ನದನ್ನು ಕಿತ್ತು ಅವಳಿಗೆ ಅಂಟಿಸಿದಂತಿತ್ತು. ಡೊರೀನ್ ಒಳ್ಳೆಯ ಕಪ್ಪುಗಳನ್ನು ತೆಗೆಸಿ, ತಾನೇ ಟೀ ಬಗ್ಗಿಸಿದಳು. ಬ್ರೆಂಡಾ ತಂದ ಫೋಟೋದಲ್ಲಿ ಟೊಪ್ಪಿ ಹಾಕಿದ ವಾಲ್ಟರ್, ಪಕ್ಕದಲ್ಲಿ ಸಣ್ಣ ಸೊಂಟದ ಹುಡುಗಿ. ಕ್ಲೈವ್ ಹತ್ತು ನಿಮಿಷ ಅದನ್ನು ಕೈಯಿಂದ ಕೆಳಗಿಡಲಿಲ್ಲ. ಆ ಹೊತ್ತಿನಲ್ಲಿ ಹಿಲರಿಗೂ ಅನಿಸಿತು, ಇದು ಒಳ್ಳೆಯದೇ ಆಯಿತು.

ಬ್ರೆಂಡಾ ಹೋದ ಮೇಲೆ ಡೊರೀನ್ ಕಪ್ಪುಗಳನ್ನು ಎಣಿಸುತ್ತ ಹೇಳಿದಳು: "ಒಳ್ಳೆ ಹೆಂಗಸು. ಬಿಸ್ಕತ್ತು ಮಾತ್ರ ಅಂಗಡೀದು."

ಜನವರಿಯಲ್ಲಿ ಗಂಡಹೆಂಡಿರಿಬ್ಬರೂ ಕೊವೆಂಟ್ರಿಯ ವೃದ್ಧಾಶ್ರಮಕ್ಕೆ ಹೋದರು. ಡೊರೀನ್‌ಗೆ ಅಷ್ಟು ದೂರ ಆಗುತ್ತಿರಲಿಲ್ಲ. ಐವಿ ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದಳು, ಪಕ್ಕದಲ್ಲಿ ಬ್ರೆಂಡಾ. ಕಿವಿ ಮಂದ, ತಲೆ ಚುರುಕು.

"ಚಿಕ್ಕಮ್ಮ, ಅಮ್ಮನ ತಂಗಿ, ಸಾಕಿದ್ಳು ನನ್ನ. ಅಪ್ಪನ ಎರಡನೇ ಹೆಂಡ್ತಿಗೆ ನಾನು ಬೇಡವಾಗಿದ್ದೆ," ಎಂದಳು ಐವಿ. "ಅಪ್ಪ ಬರ್ತಿರಲಿಲ್ಲ. ವರ್ಷಕ್ಕೆ ಒಂದು ಜೊತೆ ಬೂಟು ಕಳಿಸೋನು. ತಾನೇ ಕತ್ತರಿಸಿ ಹೊಲಿದಿದ್ದು, ಚೆಂದದ ಬೂಟು. ಪ್ರತೀ ವರ್ಷ ಒಂದು ಅಳತೆ ಚಿಕ್ಕದು. ನೋಡಿರಲಿಲ್ಲವಲ್ಲ ನನ್ನ, ಮನಸ್ಸಲ್ಲೇ ಕಾಲು ಬೆಳೆಸ್ತಿದ್ದ."

"ಹಾಕ್ಕೊಳ್ತಿದ್ರಾ?" ಎಂದು ಹಿಲರಿ ಜೋರಾಗಿ ಕೇಳಿದಳು.

"ಚರ್ಚಿಗೆ. ಬೆರಳು ಮಡಚಿಕೊಂಡು." ಐವಿ ಹಿಲರಿಯ ಕೈ ಹಿಡಿದುಕೊಂಡಳು. ಆಮೇಲೆ ಹೊರಡುವ ತನಕ ಬಿಡಲಿಲ್ಲ. "ಅಮ್ಮ ಎಲ್ಲಿ ಅಂತ ಕೇಳಿದ್ರೆ ಚಿಕ್ಕಮ್ಮ ಅಳೋಳು. ಅದಕ್ಕೆ ಕೇಳೋದು ಬಿಟ್ಟೆ. ನೀನು ಹುಡುಕಿಕೊಟ್ಟೆಯಲ್ಲಪ್ಪ. ಆ ಗುಂಡಿಲಿ ಜಾಗ ಇದ್ಯಾ?"

"ಇದೆ. ಒಬ್ಬರಿಗೆ," ಎಂದುಬಿಟ್ಟ ಕ್ಲೈವ್.

ಮೇಜಿನ ಕೆಳಗೆ ಅವನ ಕಾಲು ತುಳಿಯಲು ಹಿಲರಿಗೆ ಸಮಯ ಸಿಗಲಿಲ್ಲ.

"ಹಾಗಾದ್ರೆ ನನ್ನ ಅಮ್ಮನ ಹತ್ರ ಇಡಿ," ಎಂದಳು ಐವಿ. ಬ್ರೆಂಡಾ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಅಲ್ಲಿ ಇನ್ನೊಬ್ಬಳು ಕಾದಿದ್ದಾಳೆಂದು ಆ ಕೋಣೆಯಲ್ಲಿ ಯಾರೂ ಹೇಳಲಿಲ್ಲ. ಹಿಲರಿಯೂ ಹೇಳಲಿಲ್ಲ. ಅವಳ ಕೈ ಐವಿಯ ಕೈಯೊಳಗಿತ್ತಲ್ಲ.

ವಾಪಸು ಬರುವ ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಹಿಲರಿ ಕೇಳಿದಳು.

"ಯಾಕೆ ಹೇಳಿದೆ?"

"ಕೇಳಿದ್ರು. ಇದೆಯಲ್ಲ, ಇದೆ ಅಂದೆ."

"ಅದು ನಿಮ್ಮಮ್ಮಂದು."

"ಕಾಗದದ ಪ್ರಕಾರ ಅದು ಅವರದೇ ಹೆಚ್ಚು. ಬದುಕಿರೋ ಮಗಳು ಅವರು. ನಾನು ಮೊಮ್ಮಗ, ಅಮ್ಮ ಬರೀ ಸೊಸೆ."

"ಬರೀ ಸೊಸೆ," ಎಂದಳು ಹಿಲರಿ. "ಸರಿ. ಇವತ್ತು ಬರೀ ಸೊಸೆ ಅಡುಗೆ ಮಾಡಲ್ಲ. ಚಿಪ್ಸ್ ಅಂಗಡಿ ಹತ್ರ ನಿಲ್ಲಿಸು."

ಕ್ಲೈವ್ ಫಾರಂನಲ್ಲಿ ಐವಿಯ ಹೆಸರನ್ನೂ ತನ್ನ ಹೆಸರನ್ನೂ ಬರೆದು ಕೊಟ್ಟ. ಇಬ್ಬರಿಗೂ ಅರ್ಧರ್ಧ ಹಕ್ಕು. ಗುಂಡಿ ತೆರೆಯಬೇಕಾದರೆ ಒಬ್ಬರಿಗಾಗಿ ಇನ್ನೊಬ್ಬರ ಒಪ್ಪಿಗೆ ಬೇಕು ಎಂದು ಪುರಸಭೆಯಿಂದ ಕಾಗದ ಬಂತು. ಡೊರೀನ್ ಕೇಳಿದಾಗ, "ಎಲ್ಲ ನಡೀತಾ ಇದೆ ಅಮ್ಮ," ಎಂದ. ಅವಳು ಹಿಲರಿಯ ಮುಖ ನೋಡಿದಳು. ಹಿಲರಿ ದಿಂಬು ಸರಿಮಾಡಿದಳು.

ಫೆಬ್ರವರಿಯ ಎರಡನೇ ಭಾನುವಾರ ಐವಿ ನಿದ್ದೆಯಲ್ಲೇ ಹೋದಳು. ಮಂಗಳವಾರ ಬ್ರೆಂಡಾ ಫೋನು ಮಾಡಿದಳು: ಮುಂದಿನ ಗುರುವಾರ ಮಣ್ಣು ಮಾಡುವುದು, ಕ್ಲೈವ್‌ನ ಸಹಿ ಶುಕ್ರವಾರದೊಳಗೆ ಬೇಕು. ಬುಧವಾರ ಸಂಜೆ ಕ್ಲೈವ್ ಒಪ್ಪಿಗೆ ಪತ್ರವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕೂತ. ಹಿಲರಿ ಕ್ಯಾರೆಟ್ ಹೆರೆಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಡೊರೀನ್ ಟಿವಿಯ ರಸಪ್ರಶ್ನೆಗೆ ಜೋರಾಗಿ ಉತ್ತರ ಹೇಳುತ್ತಿದ್ದಳು.

"ಒಳಗೆ ಹೋಗಿ ಕೇಳು," ಎಂದು ಹಿಲರಿ ಪಿಸುಗುಟ್ಟಿದಳು.

"ಏನಂತ ಕೇಳಲಿ? ನೀನು ಸತ್ತ ಮೇಲೆ ಎಲ್ಲಿಡಬೇಕು ಅಂತಲಾ? ನಂಗೆ ಯಾವತ್ತೂ ಅವಳು ಅದನ್ನ ಹೇಳಿಲ್ಲ. ನಿಂಗೆ ಹೇಳಿದ್ದು. ನೀನೇ ಕೇಳು."

"ನಾನು ಮಾತು ಕೊಟ್ಟಿದೀನಿ ಕ್ಲೈವ್."

"ನಾನೂ ಕೊಟ್ಟ ಹಾಗೇ ಆಯ್ತಲ್ಲ. 'ಇದೆ' ಅಂದಿದ್ದೆ. ತೊಂಬತ್ತೆರಡು ವರ್ಷದ ಹೆಂಗಸಿಗೆ ತಾಯಿನ ಹುಡುಕಿಕೊಟ್ಟು, ಈಗ ಶವಾಗಾರದಲ್ಲಿ ಮಲಗಿರೋಳಿಗೆ ಇಲ್ಲ ಅನ್ನಲಾ? ಅಮ್ಮನ ಕಾಲು ಎಷ್ಟೋ ವಾಸಿ. ಬೇಸಿಗೆಗೆ ತೋಟದಲ್ಲಿ ಓಡಾಡ್ತಾರೆ ಅಂದ್ರು ಡಾಕ್ಟರು. ನಿಧಾನವಾಗಿ ಹೇಳೋಣ. ಬೂದಿ ಇಡೋಕೆ ಯಾವಾಗಲೂ ಜಾಗ ಇರುತ್ತಂತೆ, ಕೇಳಿದೀನಿ."

"ಸುಡಬೇಡಿ ಅಂದಿದಾರೆ ಅವರು."

"ಹಾಗಾದ್ರೆ ನೀನು ಹೇಳು. ಬ್ರೆಂಡಾಗೆ ಫೋನು ಮಾಡಿ ನೀನೇ ಬೇಡ ಅನ್ನು. ತಗೋ."

ಅವನು ಫೋನನ್ನು ಅವಳ ಮುಂದೆ ಇಟ್ಟ. ಹಿಲರಿ ಕ್ಯಾರೆಟ್ಟನ್ನೇ ನೋಡುತ್ತ ನಿಂತಳು. ಬೆರಳು ಮಡಚಿಕೊಂಡು ಚರ್ಚಿಗೆ ನಡೆಯುವ ಹುಡುಗಿ ಕಣ್ಣಿಗೆ ಕಟ್ಟಿದಳು. ಒಳಗಿನಿಂದ ಡೊರೀನ್ "ಪೋರ್ಚುಗಲ್! ದಡ್ಡ, ಪೋರ್ಚುಗಲ್!" ಎಂದು ಕೂಗಿದಳು. ಹಿಲರಿ ಕೈ ಒರೆಸಿಕೊಂಡಳು. ಫೋನು ಮುಟ್ಟಲಿಲ್ಲ. ಕ್ಲೈವ್ ಸಹಿ ಹಾಕಿದ. ಕೆಳಗೆ ಸಾಕ್ಷಿಯ ಸಹಿ ಬೇಕಿತ್ತು. ಅದನ್ನು ಹಿಲರಿ ಹಾಕಿದಳು. ಊಟಕ್ಕೆ ಕ್ಯಾರೆಟ್ಟು ಸಾಲದೆ ಬಂತು.

ಐವಿಯ ಮಣ್ಣಿಗೆ ಕ್ಲೈವ್ ಒಬ್ಬನೇ ಹೋದ. ಅಮ್ಮನಿಗೆ ವ್ಯಾನಿನ ಕೆಲಸ ಎಂದ.

ಹೇಳಬೇಕು, ನಾಳೆ ಹೇಳಬೇಕು ಎಂದು ಹಿಲರಿ ಎರಡು ವಾರ ತಳ್ಳಿದಳು. ಟೀ ಕೊಡುವಾಗ ಹೇಳೋಣವೆಂದರೆ ಬಿಸಿಯಿತ್ತು, ಮಾತ್ರೆ ಕೊಡುವಾಗ ಹೇಳೋಣವೆಂದರೆ ಆಮೇಲೆ ರಕ್ತದೊತ್ತಡ ನೋಡುವ ನರ್ಸು ಬರುವವಳಿದ್ದಳು. ಮಾರ್ಚ್ ಒಂಬತ್ತು ಬಂತು. ಲಿನೆಟ್ ಹುಟ್ಟಿದ ದಿನ. ಪ್ರತಿವರ್ಷ ಆ ದಿನ ಡೊರೀನ್ ಹಳದಿ ಹೂವಿನ ಒಂದು ಕುಂಡ ಒಯ್ದು ಇಟ್ಟು ಬರುತ್ತಿದ್ದಳು.

"ಇವತ್ತು ಗಾಳಿ ಜಾಸ್ತಿ ಅಮ್ಮ. ಮುಂದಿನ ವಾರ ಹೋಗೋಣ."

"ಐವತ್ನಾಲ್ಕು ವರ್ಷ ಗಾಳಿಲೇ ಹೋಗಿದೀನಿ. ಕೋಟು ತಾ."

"ಅಮ್ಮ, ಒಂದು ವಿಷಯ…"

"ಕಾರಲ್ಲಿ ಹೇಳು."

ಕಾರಿನಲ್ಲಿ ಡೊರೀನ್ ಹೂವಿನಂಗಡಿಯವನು ಬೆಲೆ ಏರಿಸಿದ್ದನ್ನು ದಾರಿಯುದ್ದಕ್ಕೂ ಬೈದಳು. ಗೇಟಿನಲ್ಲಿ ಹಿಲರಿ ಕಾರು ನಿಲ್ಲಿಸಿ, "ಅಮ್ಮ, ಸ್ವಲ್ಪ ಕೇಳಿ," ಎನ್ನುವಷ್ಟರಲ್ಲಿ ಅವಳು ಬಾಗಿಲು ತೆಗೆದು ಕೋಲು ಊರಿಬಿಟ್ಟಿದ್ದಳು.

ಗುಂಡಿಯ ಮೇಲೆ ಹೊಸ ಮಣ್ಣು ಉಬ್ಬಿತ್ತು. ಬಾಡಿದ ಹೂಚಕ್ರಗಳು. ಒಂದರ ಮೇಲಿನ ಚೀಟಿ ಮಳೆಗೆ ನೆನೆದಿದ್ದರೂ ಓದಲು ಬರುತ್ತಿತ್ತು: ಅಮ್ಮನಿಗೆ, ಕೊನೆಗೂ ನಿನ್ನ ಅಮ್ಮನ ಹತ್ತಿರ.

ಡೊರೀನ್ ಬಹಳ ಹೊತ್ತು ಅದನ್ನು ಓದಿದಳು.

"ಯಾವಾಗ?"

"ಫೆಬ್ರವರಿ ಇಪ್ಪತ್ಮೂರು."

"ವ್ಯಾನಿನ ಕೆಲಸ ಅಂದಿದ್ದ."

"ಹೂಂ."

"ನಿಂಗೆ ಗೊತ್ತಿತ್ತು."

"ಸಾಕ್ಷಿ ಸಹಿ ನಂದೇ ಅಮ್ಮ."

ಡೊರೀನ್ ಬಗ್ಗಲು ಆಗದೆ ಕುಂಡವನ್ನು ಹಿಲರಿಯ ಕೈಗೆ ಕೊಟ್ಟು, ಎಲ್ಲಿಡಬೇಕೆಂದು ಕೋಲಿನಿಂದ ತೋರಿಸಿದಳು. ಅಲ್ಲಿ ಇಳಿಜಾರಿತ್ತು, ಕುಂಡ ವಾಲಿತು. ಎರಡು ಸಲ ಸರಿಮಾಡಬೇಕಾಯಿತು.

ಸಂಜೆ ಮೊಟ್ಟೆ, ಚಿಪ್ಸು. ಕೆಲ್ಲಿಯೂ ಬಂದಿದ್ದಳು, ಹಿಲರಿಯೇ ಫೋನು ಮಾಡಿ ಕರೆಸಿದ್ದಳು, ಮೂವರೇ ಕೂತು ಉಣ್ಣುವ ಧೈರ್ಯ ಇರಲಿಲ್ಲ. ಡೊರೀನ್ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅಮ್ಮ, ನಿಂಗೆ ಹೇಳಬೇಕು ಅಂತಲೇ ಇದ್ದೆ," ಎಂದ ಕ್ಲೈವ್. "ನಿನ್ನ ಕೇಳಿದ್ರೆ ನೀನೂ ಹೂಂ ಅಂತಿದ್ದೆ, ಗೊತ್ತು ನಂಗೆ. ತಾಯಿ ಇಲ್ಲದ ಹೆಂಗಸು…"

"ನಾನು ಬೇಡ ಅಂತಿದ್ದೆ," ಎಂದಳು ಡೊರೀನ್. "ಅದು ನಿಂಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ."

ಕ್ಲೈವ್ ಕೆಮ್ಮಿದ.

"ಅಪ್ಪ, ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?" ಎಂದಳು ಕೆಲ್ಲಿ. "ನೂರು ವರ್ಷದ ಹಿಂದೆ ಸತ್ತೋಳ ಹುಟ್ಟಿದೂರು ಗೊತ್ತು, ಪಕ್ಕದ ಕೋಣೇಲಿ ಇರೋ ಅಜ್ಜಿಗೆ ಏನು ಬೇಕು ಅಂತ ಗೊತ್ತಿಲ್ಲ."

"ನೀನು ಸುಮ್ನಿರು ಬಾತುಮರಿ, ಇದು ನಂದು," ಎಂದು ಡೊರೀನ್ ಅವಳ ಕೈ ತಟ್ಟಿದಳು. ಆಮೇಲೆ ಎದುರಿನ ಗೋಡೆ ನೋಡಿದಳು. ಕ್ರಿಸ್ಮಸ್ಸಿನಲ್ಲಿ ಬ್ರೆಂಡಾ ಬರುತ್ತಾಳೆಂದು ಕ್ಲೈವ್ ವಂಶವೃಕ್ಷದ ಸುರುಳಿಯನ್ನು ಅಲ್ಲಿ ಉದ್ದಕ್ಕೂ ಪಿನ್ನು ಹೊಡೆದು ನಿಲ್ಲಿಸಿದ್ದ. "ಎಷ್ಟು ಜನ ಇದಾರೆ ಅದರಲ್ಲಿ?"

"ನೂರ ನಲವತ್ತಾರು," ಎಂದ ಕ್ಲೈವ್, ಸಣ್ಣ ದನಿಯಲ್ಲಿ.

"ನಿನ್ನ ಅಕ್ಕ ಎಲ್ಲಿ?"

ಎಲ್ಲರೂ ಗೋಡೆಯತ್ತ ತಿರುಗಿದರು. ಬ್ರೆಂಡಾ ಇದ್ದಳು, ಬ್ರೆಂಡಾಳ ಮಕ್ಕಳಿದ್ದರು, ಕೆಲ್ಲಿಯ ಬಿಟ್ಟುಹೋದ ಗೆಳೆಯನೂ ಪೆನ್ಸಿಲಿನಲ್ಲಿ ಇದ್ದ. ರಾನ್ ಮತ್ತು ಡೊರೀನ್ ಹೆಸರಿನ ಕೆಳಗೆ ಒಂದೇ ಗೆರೆ ಇಳಿದಿತ್ತು, ಕ್ಲೈವ್‌ಗೆ. ಅವನು ಎದ್ದು ಡ್ರಾಯರಿನಲ್ಲಿ ಪೆನ್ನು ಹುಡುಕತೊಡಗಿದ.

"ಬಿಡು, ಈಗ ಬರೀಬೇಡ," ಎಂದಳು ಡೊರೀನ್. "ಮೊಟ್ಟೆ ಆರುತ್ತೆ."

ಅವತ್ತಿನಿಂದ ಅವಳು ಜಗಳವಾಡಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಪರದೆ, ಟೀ, ನರ್ಸು ತಡವಾಗಿ ಬಂದದ್ದು, ಎಲ್ಲ ಮಾತೂ ಇತ್ತು. ಹಿಲರಿಯ ಹತ್ತಿರ ಮಾತ್ರ ಏನನ್ನೂ ಮಾಡಿಕೊಡು ಎಂದು ಕೇಳುವುದು ನಿಲ್ಲಿಸಿದಳು. ಕಾಲಿನ ಉಗುರು ಕತ್ತರಿಸಲು ಹೋದರೆ, "ಶುಕ್ರವಾರ ನರ್ಸು ಮಾಡ್ತಾಳೆ, ಬಿಡು," ಎನ್ನುತ್ತಿದ್ದಳು. ಹಿಲರಿಗೆ ಒಂದೆರಡು ಬೈಗುಳ ಬಿದ್ದಿದ್ದರೆ ಸುಖವಾಗುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಮತ್ತೆ ನೀರು ತುಂಬಿತು, ಈ ಸಲ ಎದೆಗೆ. ಆಂಬುಲೆನ್ಸಿಗೆ ಕಾಯುತ್ತಿರುವಾಗ ಡೊರೀನ್ ಸೊಸೆಯನ್ನು ಹತ್ತಿರ ಕರೆದಳು.

"ಬೂದಿ ಆದ್ರೆ ಅಲ್ಲೇ ಇಡೋಕೆ ಬಿಡ್ತಾರಾ?"

"ಬಿಡ್ತಾರೆ ಅಮ್ಮ."

"ಹಾಗಾದ್ರೆ ಸುಟ್ಟುಬಿಡಿ. ಡಬ್ಬಿ ಚಿಕ್ಕದು, ಹಿಡಿಯುತ್ತೆ."

"ಅಮ್ಮ, ನನ್ನ ಕ್ಷಮಿಸಿ."

"ಚಪ್ಪಲಿ ಹಾಕು ನಂಗೆ. ಎಡಗಾಲದು ಮೊದಲು."

ಐದು ದಿನ ಆಸ್ಪತ್ರೆಯಲ್ಲಿದ್ದು ಮೇ ಎರಡರ ಮಧ್ಯಾಹ್ನ ತೀರಿಕೊಂಡಳು. ಸುಡುವ ದಿನ ಪರದೆ ಎಳೆದರು, ಹಾಡು ಹಾಕಿದರು. ಮುಂದಿನವರು ಬಾಗಿಲಲ್ಲಿ ಕಾಯುತ್ತಿದ್ದರು. ಹಿಲರಿ ಅವರನ್ನು ಕಾಯಿಸಲೆಂದೇ ಎಲ್ಲರೂ ಎದ್ದ ಮೇಲೂ ಮುಂದಿನ ಬೆಂಚಿನಲ್ಲಿ ಕೂತೇ ಇದ್ದಳು. ಕೊನೆಗೆ ಅಲ್ಲಿಯವನು ಬಂದು ಮೆತ್ತಗೆ ಕೆಮ್ಮಿದ.

ಮೂರು ವಾರದ ಮೇಲೆ ಡಬ್ಬಿ ಇಟ್ಟರು. ಬ್ರೆಂಡಾ ಮನಸಾರೆ ಒಪ್ಪಿಗೆಯ ಸಹಿ ಹಾಕಿದಳು, ಹೂವೂ ತಂದಳು. ಪುರಸಭೆಯ ಆಳು ಐವಿಯ ಪೆಟ್ಟಿಗೆಯ ಮೇಲೆ ಎರಡಡಿ ಮಣ್ಣು ತೆಗೆದು, ಡಬ್ಬಿ ಇಳಿಸಿ ಮುಚ್ಚಿದ. ಹದಿನೈದು ನಿಮಿಷದ ಕೆಲಸ. ಕ್ಲೈವ್ ಹೊಸ ಕಲ್ಲಿಗೆ ಹೇಳಿಬಂದಿದ್ದ. ಅದರಲ್ಲಿ ಐದೂ ಹೆಸರು ಬರುತ್ತವೆ, ಲಿನೆಟ್‌ಳದೂ.

ಮನೆಗೆ ಬಂದು ಅವನು ಸುರುಳಿಯನ್ನು ಗೋಡೆಯಿಂದ ಬಿಚ್ಚಿ ಸುತ್ತಿ ಬೀರುವಿನ ಮೇಲಿಟ್ಟ. ಆಮೇಲೆ ಹೆಂಡತಿಯನ್ನು ಕೇಳಿದ: "ಎಲ್ಲ ಒಂದೇ ಕಡೆ ಇದಾರಲ್ಲ ಈಗ. ಅದೇ ಸಮಾಧಾನ. ಅಲ್ವಾ?"

ಹಿಲರಿ ಅದನ್ನು ಬೇರೆ ರೀತಿಯಲ್ಲಿ ನೋಡುತ್ತಿದ್ದಳು. ತಳದಲ್ಲಿ ರೋಸ್, ಅವಳ ಮೇಲೆ ವಾಲ್ಟರ್, ಅವನ ಮೇಲೆ ಮಗು, ಮಗುವಿನ ಮೇಲೆ ಐವಿ, ಐವಿಯ ಮೇಲೆ ಡೊರೀನ್. ಕ್ಲೈವ್‌ಗೆ ಹದಿನೇಳು ಜನ ನೆಂಟರು ಸಿಕ್ಕರು, ಅಜ್ಜನ ಫೋಟೋ ಸಿಕ್ಕಿತು. ತಾಯಿಯನ್ನು ಕಾಣದ ಐವಿಗೆ ತಾಯಿಯ ಗುಂಡಿ ಸಿಕ್ಕಿತು. ಡೊರೀನ್‌ಗೂ ಅವಳ ಮಗುವಿಗೂ ನಡುವೆ, ಅವರಿಬ್ಬರೂ ಕಂಡಿಲ್ಲದ ಹೆಂಗಸೊಬ್ಬಳು ಮಲಗಿದಳು. ಹಿಲರಿ ಕೊಟ್ಟ ಮಾತು ಹೋಯಿತು.